‘ಹಿ’ ಅಂದ್ರೆ ಯಾರು? ಒಂದು ಇಂಗ್ಲಿಷ್ ದೂರಿನ ಕತೆ

ನಮ್ಮ ಓಣಿಯ ಕಾಕಾ ಒಬ್ಬರ ಬಲಗೈಯ ಎರಡು ಬೆರಳು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಹೋದವು. ಎರಡು ತಿಂಗಳ ನಂತರ ಪರಿಹಾರವೂ ಕೈತಪ್ಪುವುದರಲ್ಲಿತ್ತು. ಈ ಎರಡನೆಯದಕ್ಕೆ ಕಾರಣ ನಾನೇ. ಅವರ ಪರವಾಗಿ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ಒಂದು ‘ಹಿ’ ಹಾಕಿದ್ದೆ.

ನಮ್ಮೂರು ಹಿಟ್ನಾಳ. ಬೇರೆ ಕಡೆಯವರಿಗೆ ಇದು ಕೊಪ್ಪಳದ ಶಾಸಕರ, ಸಂಸದರ ಹೆಸರಿನ ಕೊನೆಗೆ ಬರುವ ಪದ, ಇಲ್ಲಾಂದ್ರೆ ಹೊಸಪೇಟೆ ದಾರಿಯಲ್ಲಿ ಸಿಗುವ ಒಂದು ಟೋಲ್. ನಮಗೆ ಮಾತ್ರ ಇದು ಶಿಫ್ಟಿನ ಊರು. ಒಂದು ಕಡೆ ತುಂಗಭದ್ರೆಯ ಹಿನ್ನೀರು, ಇನ್ನೊಂದು ಕಡೆ ಗಿಣಿಗೇರಾವರೆಗೆ ಹಬ್ಬಿದ ಕಾರ್ಖಾನೆಗಳ ಚಿಮಣಿ. ಹೊಲ ಇದ್ದವರೂ ಇಲ್ಲದವರೂ ಗುತ್ತಿಗೆದಾರರ ಕೈಕೆಳಗೆ ಕೆಲಸಕ್ಕೆ ಹೋಗ್ತಾರೆ. ಏನಾದರೂ ಅನಾಹುತ ಆದರೆ ಓಣಿಯಲ್ಲಿ ‘ಇಂಗ್ಲಿಷ್ ಬರುವವರ’ ಹುಡುಕಾಟ ಶುರುವಾಗುತ್ತೆ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ತಾಲೂಕು ದಾಟಲ್ಲ, ಹೆಡ್ ಆಫೀಸಿಗೆ ಇಂಗ್ಲಿಷಿನಲ್ಲೇ ಮೇಲ್ ಹೋಗಬೇಕು ಅನ್ನೋ ನಂಬಿಕೆ. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ನಾನು ಬಿ.ಎ. ಮಾಡಿದವನು, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ನಡೆದದ್ದು ಇಷ್ಟು. ಅಪಘಾತವಾದ ದಿನ ಸಂಜೆ ಸೂಪರ್‌ವೈಸರ್ ಆಸ್ಪತ್ರೆಗೆ ಬಂದು, ಇಬ್ಬರ ಎದುರಿಗೆ, ‘ಕಾಕಾ, ಗಾರ್ಡ್ ನಾನ ಬಿಚ್ಚಿಸಿದ್ದೆ, ಮತ್ತ ಹಾಕಸೂದು ಮರ್ತೆ’ ಅಂತ ಹೇಳಿ ಹೋಗಿದ್ದ. ಯಂತ್ರದ ಬೆಲ್ಟಿನ ಮೇಲಿರುವ ರಕ್ಷಣೆಯ ತಗಡಿಗೆ ಗಾರ್ಡ್ ಅಂತಾರೆ. ಇದನ್ನು ನಾನು ಇಂಗ್ಲಿಷಿಗೆ ತಂದದ್ದು ಹೀಗೆ: ‘ದ ಸೂಪರ್‌ವೈಸರ್ ಟೋಲ್ಡ್ ಮೈ ಅಂಕಲ್ ದಟ್ ಹಿ ಹ್ಯಾಡ್ ರಿಮೂವ್ಡ್ ದ ಸೇಫ್ಟಿ ಗಾರ್ಡ್.’ ವ್ಯಾಕರಣ ಸರಿ ಇತ್ತು. ‘ಹ್ಯಾಡ್ ರಿಮೂವ್ಡ್’ ಬರೆದಾಗ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಮೂರು ವಾರಕ್ಕೆ ಉತ್ತರ ಬಂತು. ಗಾರ್ಡನ್ನು ಕಾರ್ಮಿಕನೇ ತೆಗೆದಿದ್ದನೆಂದು ನಿಮ್ಮ ಪತ್ರವೇ ಒಪ್ಪಿಕೊಂಡಿದೆ, ಆದ್ದರಿಂದ ಪರಿಹಾರದ ಪ್ರಶ್ನೆ ಬರುವುದಿಲ್ಲ ಅನ್ನೋದು ಅದರ ಸಾರ. ಆ ‘ಹಿ’ ಯಾರು? ನನ್ನ ತಲೆಯಲ್ಲಿ ಸೂಪರ್‌ವೈಸರ್. ಓದಿದವರ ಅನುಕೂಲಕ್ಕೆ ಕಾಕಾ. ಇದರ ಹಿಂದೆ ಕಾನೂನಿನ ಲೆಕ್ಕಾಚಾರವೂ ಇತ್ತು. ಆಗ ಇಂಥ ಪ್ರಕರಣಗಳಿಗೆ ಅನ್ವಯಿಸುತ್ತಿದ್ದ 1923ರ ನೌಕರರ ನಷ್ಟ ಪರಿಹಾರ ಕಾಯ್ದೆಯ 3ನೇ ಕಲಂ ಪ್ರಕಾರ, ಕಾರ್ಮಿಕ ಬೇಕಂತಲೇ ಸುರಕ್ಷಾ ಸಾಧನ ತೆಗೆದಿದ್ದರಿಂದ ಗಾಯವಾಗಿದ್ದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಮಾತ್ರ ಈ ನೆಪ ನಡೆಯಲ್ಲ. ಎರಡು ಬೆರಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನನ್ನ ಒಂದಕ್ಷರದ ಸರ್ವನಾಮ ಅವರ ವಕೀಲರಿಗೆ ಬೇಕಾದ್ದನ್ನು ಬೇಕಾದ ಜಾಗದಲ್ಲೇ ಇಟ್ಟುಕೊಟ್ಟಿತ್ತು.

ಇದೇ ತಪ್ಪು ಕನ್ನಡದಲ್ಲಿ ಆಗುತ್ತಿತ್ತಾ ಅಂತ ಆಮೇಲೆ ಬಹಳ ಯೋಚಿಸಿದೆ. ಆಗುವುದು ಕಷ್ಟ. ನಮ್ಮಲ್ಲಿ ‘ತಾನು’ ಅನ್ನೋ ಪದ ಇದೆ. ‘ಗಾರ್ಡನ್ನು ತಾನು ತೆಗೆಸಿದ್ದಾಗಿ ಸೂಪರ್‌ವೈಸರ್ ಹೇಳಿದ’ ಅಂದರೆ ತೆಗೆಸಿದವನು ಹೇಳಿದವನೇ. ‘ಅವನು ತೆಗೆಸಿದ್ದಾಗಿ’ ಅಂದರೆ ಬೇರೆ ಯಾರೋ. ಎರಡು ಪದ, ಎರಡು ಅರ್ಥ, ಜಗಳವೇ ಇಲ್ಲ. ಅದೂ ಬೇಡ ಅಂದ್ರೆ ಆಡಿದ ಮಾತನ್ನು ಹಾಗೇ ಎತ್ತಿ ಕೊನೆಗೆ ‘ಅಂತ’ ಸೇರಿಸಿದರೆ ಆಯ್ತು: ‘ನಾನ ಬಿಚ್ಚಿಸಿದ್ದೆ ಅಂತ ಹೇಳ್ಯಾನ.’ ಇಂಗ್ಲಿಷಿಗೆ ಈ ‘ತಾನು’ ಇಲ್ಲ. ‘ಹಿಮ್‌ಸೆಲ್ಫ್’ ಇದೆಯಲ್ಲ ಅಂತ ಅನ್ನಿಸಬಹುದು, ಆದರೆ ಅದು ಈ ಜಾಗದಲ್ಲಿ ಒಂಟಿಯಾಗಿ ಕೂರಲ್ಲ. ಇಬ್ಬರು ಗಂಡಸರು ಒಂದೇ ವಾಕ್ಯಕ್ಕೆ ಬಂದರೆ ಇಬ್ಬರೂ ‘ಹಿ’. ಯಾರು ಯಾರು ಅನ್ನೋದನ್ನು ಓದುಗ ಊಹಿಸಬೇಕು. ಸ್ನೇಹಿತ ಓದಿದರೆ ನಮ್ಮ ಪರ ಊಹಿಸ್ತಾನೆ, ಎದುರಾಳಿ ಓದಿದರೆ ಅವನ ಪರ.

ಪರಿಹಾರ ಸರಳ, ಆದರೆ ನಮ್ಮ ಶಾಲೆಯ ಪಾಠಕ್ಕೆ ವಿರುದ್ಧ. ನಾಮಪದವನ್ನು ಮತ್ತೆ ಮತ್ತೆ ಬರೆಯಬೇಡಿ, ಅದರ ಬದಲು ಸರ್ವನಾಮ ಬಳಸಿ ಅಂತ ಹೇಳಿಕೊಟ್ಟಿದ್ದರು. ಪ್ರಬಂಧಕ್ಕೆ ಸರಿ. ದೂರಿಗೆ, ಅರ್ಜಿಗೆ, ಪೊಲೀಸರಿಗೆ ಕೊಡುವ ಹೇಳಿಕೆಗೆ ಸರಿ ಅಲ್ಲ. ಅಲ್ಲಿ ‘ಸೂಪರ್‌ವೈಸರ್’ ಅನ್ನೋ ಪದ ಹತ್ತು ಸಲ ಬಂದರೆ ಬರಲಿ. ಇಲ್ಲಾಂದ್ರೆ ವಾಕ್ಯ ಒಡೆದು, ಉದ್ಧರಣ ಚಿಹ್ನೆ ಹಾಕಿ, ಅವನ ಬಾಯಿಂದಲೇ ‘ಐ’ ಅನ್ನಿಸಿ: ಸೂಪರ್‌ವೈಸರ್ ಹೇಳಿದ್ದು, ‘ಐ ರಿಮೂವ್ಡ್ ದ ಗಾರ್ಡ್.’ ನಮ್ಮ ‘ಅಂತ’ ಮಾಡುವ ಕೆಲಸವನ್ನೇ ಇಲ್ಲಿ ಆ ಚಿಹ್ನೆ ಮಾಡುತ್ತೆ.

‘ಇಟ್’ ಕೂಡ ಇದೇ ಜಾತಿಯ ಕಳ್ಳ. 2025ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಸಾವಿರಾರು ಜನ ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಆಗ ನಮ್ಮ ಕಡೆಯ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ಬರೆದ ಮನವಿ, ಪೋಸ್ಟುಗಳನ್ನು ನೋಡ್ತಿದ್ದೆ. ಕಾರ್ಖಾನೆ ಬೆಳೆಯ ಮೇಲೆ ಬೂದಿ ಸುರಿಯುತ್ತಿದೆ, ‘ಅಂಡ್ ಇಟ್ ಮಸ್ಟ್ ಬಿ ಸ್ಟಾಪ್ಡ್’ ಅನ್ನೋ ಥರದ ವಾಕ್ಯಗಳು. ಯಾವುದನ್ನು ನಿಲ್ಲಿಸಬೇಕು? ಬೂದಿಯನ್ನಾ, ಕಾರ್ಖಾನೆಯನ್ನಾ, ವಿಸ್ತರಣೆಯನ್ನಾ? ಹೋರಾಟಗಾರರಿಗೆ ಇವು ಮೂರು ಬೇರೆ ಬೇರೆ ಬೇಡಿಕೆ. ಅಧಿಕಾರಿಗೆ ಅವುಗಳಲ್ಲಿ ಅತಿ ಚಿಕ್ಕದನ್ನು ಆರಿಸಿಕೊಳ್ಳುವ ಅವಕಾಶ. ನೀರು ಚಿಮುಕಿಸಿ ಧೂಳು ಅಡಗಿಸಿದ್ದೇವೆ, ‘ಇಟ್’ ನಿಂತಿದೆ ಅಂತ ಉತ್ತರ ಕೊಟ್ಟರೆ ಏನು ಮಾಡ್ತೀರಿ? ‘ಇಟ್’, ‘ದಿಸ್’, ‘ದಟ್’ ಒಂಟಿಯಾಗಿ ನಿಂತಲ್ಲೆಲ್ಲ ಪಕ್ಕಕ್ಕೆ ಒಂದು ನಾಮಪದ ಕೂರಿಸಿ. ‘ದಿಸ್ ಎಕ್ಸ್‌ಪ್ಯಾನ್ಷನ್’, ‘ದಿಸ್ ಡಸ್ಟ್’. ವಾಕ್ಯ ಸ್ವಲ್ಪ ಮೊಂಡಾಗುತ್ತೆ, ನುಣುಚಿಕೊಳ್ಳೋದು ಮಾತ್ರ ಕಷ್ಟವಾಗುತ್ತೆ.

‘ವಿ’ ಬಗ್ಗೆ ನನಗೆ ಪಾಠ ಹೇಳಿದ್ದು ಗಂಗಾವತಿ ಕಡೆಯ ಕ್ಯಾಂಪಿನ ಗೆಳೆಯ. ತುಂಗಭದ್ರಾ ಕಾಲುವೆ ಬಂದ ಮೇಲೆ ನೆಲೆಸಿದ ತೆಲುಗು ಮನೆತನದವನು. ಅವರ ಭಾಷೆಯಲ್ಲಿ ‘ನಾವು’ಗೆ ಎರಡು ಪದ. ಕೇಳಿಸಿಕೊಳ್ಳುವ ನೀವೂ ಸೇರಿದರೆ ‘ಮನಂ’, ನಿಮ್ಮನ್ನು ಬಿಟ್ಟು ನಾವಷ್ಟೇ ಆದರೆ ‘ಮೇಮು’. ಜಿಲ್ಲಾಧಿಕಾರಿಗೆ ‘ನಮಗೆ ನೀರಿಲ್ಲ’ ಅಂದಾಗ ಆ ‘ನಾವು’ ಯಾರು ಅನ್ನೋದು ತೆಲುಗಿನಲ್ಲಿ ತನ್ನಷ್ಟಕ್ಕೇ ಗೊತ್ತಾಗುತ್ತೆ. ಕನ್ನಡಕ್ಕೂ ಇಂಗ್ಲಿಷಿಗೂ ಆ ಸೌಲಭ್ಯ ಇಲ್ಲ. ಅದಕ್ಕೇ ಮೊದಲ ಸಾಲಿನಲ್ಲೇ ‘ವಿ, ದ ಕಾಂಟ್ರಾಕ್ಟ್ ವರ್ಕರ್ಸ್ ಆಫ್...’ ಅಂತ ಊರು, ಓಣಿ ಸಮೇತ ಹೇಳಿಬಿಡಬೇಕು. ‘ವಿ ದ ಪೀಪಲ್’ ಅನ್ನುವಾಗಲೂ ಸಂವಿಧಾನ ಅಲ್ಲಿಗೇ ನಿಲ್ಲಿಸಲಿಲ್ಲ, ‘ಆಫ್ ಇಂಡಿಯಾ’ ಅಂತ ಸೇರಿಸಿತು.

ಇನ್ನು ಸಣ್ಣಪುಟ್ಟವು. ಇಂಟರ್‌ವ್ಯೂನಲ್ಲಿ ‘ಮೈಸೆಲ್ಫ್’ ಅಂತ ಶುರು ಮಾಡಿ ಹೆಸರು ಹೇಳೋದನ್ನು ಬಿಟ್ಟುಬಿಡಿ, ‘ಐ ಆಮ್’ ಸಾಕು. ‘ಮಿ’ ಅಂದರೆ ಹಳ್ಳಿ ಇಂಗ್ಲಿಷ್, ‘ಐ’ ಅಂದರೆ ಪೇಟೆ ಇಂಗ್ಲಿಷ್ ಅನ್ನೋ ಭ್ರಮೆಯಿಂದ ‘ದಿಸ್ ವಾಸ್ ಸೈನ್ಡ್ ಬೈ ಮೈ ಬ್ರದರ್ ಅಂಡ್ ಐ’ ಅಂತ ಬರೀತಾರೆ. ತಮ್ಮನನ್ನು ಪಕ್ಕಕ್ಕೆ ಸರಿಸಿ ನೋಡಿ: ‘ಸೈನ್ಡ್ ಬೈ ಐ’ ಅಂತೀರಾ? ಹಾಗಾದರೆ ತಮ್ಮ ಇದ್ದರೂ ‘ಮಿ’ಯೇ.

ಇಷ್ಟು ತಿಳಿದವನಿಗೆ ಇಷ್ಟು ದಿನ ಯಾಕೆ ಸರ್ವನಾಮ ತೊಡಕಾಗಿತ್ತು? ಅದರ ಬೇರು ಹೈಸ್ಕೂಲಿನಲ್ಲಿದೆ. ‘ಮೈ ಫಾದರ್’ ಅಂತ ಹತ್ತು ಸಾಲು ಬರೆಯೋಕೆ ಹೇಳಿದ್ದರು. ನಾನು ಬರೆದೆ: ‘ಮೈ ಫಾದರ್ ಈಸ್ ಎ ಫಾರ್ಮರ್. ದೇ ಗೋ ಟು ದ ಫೀಲ್ಡ್ ಅಟ್ ಸಿಕ್ಸ್.’ ಮೇಷ್ಟ್ರು ಪ್ರತಿ ‘ದೇ’ ಮೇಲೂ ಕೆಂಪು ಗೀಟು ಎಳೆದು, ‘ನಿಮ್ಮಪ್ಪ ಎಷ್ಟು ಮಂದಿ ಅದಾರಲೇ?’ ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಅರ್ಥ ಆಗಲಿಲ್ಲ. ಅಪ್ಪನಿಗೆ ‘ಹಿ’ ಅಂದರೆ ‘ಅವನು’ ಅಂದಂತೆ. ಮನೆಯಲ್ಲಿ ‘ಅಪ್ಪ ಬಂದಾನ’ ಅಂತೀವಿ, ಅದು ಬೇರೆ. ಪುಸ್ತಕದ ಭಾಷೆಯಲ್ಲಿ ಅಪ್ಪ ‘ಅವರು’. ಮನೆಯಲ್ಲಿ ಕಾಕಾಗೆ ‘ನೀ’ ಅನ್ನುವ ನಾನೇ ಈ ಲೇಖನದಲ್ಲಿ ‘ಅವರು’ ಅಂತ ಬರೀತಾ ಇಲ್ಲವಾ, ಹಾಗೆ.

ಕನ್ನಡದ ಸರ್ವನಾಮ ಬರೆಯುವವನಿಗೆ ಮೊದಲು ಕೇಳುವ ಪ್ರಶ್ನೆ: ಈ ಮನುಷ್ಯ ನಿನಗಿಂತ ಮೇಲೋ, ಕೆಳಗೋ? ಮೇಲಾದರೆ ‘ಅವರು’, ಅಲ್ಲಿಗೆ ಗಂಡು ಹೆಣ್ಣು ಅನ್ನೋ ಪ್ರಶ್ನೆಯೇ ಮುಗಿಯಿತು. ಕೆಳಗಾದರೆ ಮಾತ್ರ ‘ಅವನು’, ‘ಅವಳು’ ಅಂತ ಬೇರ್ಪಡಿಸು. ಇಂಗ್ಲಿಷ್ ಮೇಲು ಕೀಳು ಕೇಳಲ್ಲ. ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಅಂತ ಕೇಳುತ್ತೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕೇಳಿದ ಪ್ರಶ್ನೆಗೆ ಕನ್ನಡದ ಉತ್ತರ ಕೊಟ್ಟಿದ್ದೆ. ಕೆಂಪು ಗೀಟಿನ ಜೊತೆ ಈ ಒಂದು ಮಾತನ್ನು ಹೇಳಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಇನ್ನೊಂದು ಮಜಾ ಇದೆ. ಕನ್ನಡದಲ್ಲಿ ಗಂಡು ಹೆಣ್ಣು ಕ್ರಿಯಾಪದದ ಬಾಲದಲ್ಲೂ ಇರುತ್ತೆ: ಬಂದಾನ, ಬಂದಾಳ. ಹಾಗಾಗಿ ಸರ್ವನಾಮ ಬಿಟ್ಟರೂ ನಡೆಯುತ್ತೆ. ಇಂಗ್ಲಿಷಿನ ‘ಕೇಮ್’ಗೆ ಬಾಲವೇ ಇಲ್ಲ, ಗುರುತೆಲ್ಲ ಮುಂದಿರುವ ‘ಹಿ’, ‘ಶಿ’ಯಲ್ಲೇ. ವಾಕ್ಯದ ಕೊನೆಗೆ ತೀರ್ಮಾನ ಮಾಡಿ ರೂಢಿಯಾದ ನಾವು ಶುರುವಿನಲ್ಲೇ ತೀರ್ಮಾನ ಮಾಡಬೇಕು. ಮಾತಿನ ಭರದಲ್ಲಿ ಅಕ್ಕನಿಗೆ ‘ಹಿ’, ಅಣ್ಣನಿಗೆ ‘ಶಿ’ ಆಗೋದು ಇಲ್ಲೇ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಇದು ಕಿವಿಗೆ ಸಿಕ್ಕಿಬೀಳುತ್ತೆ.

ಮೇಲು ಕೀಳಿನ ಪ್ರಶ್ನೆಯನ್ನು ಹಾಗೇ ಬಿಡೋಕೆ ಮನಸ್ಸಿಲ್ಲ. ನಮ್ಮ ಊರುಗಳಲ್ಲಿ ಎಪ್ಪತ್ತು ದಾಟಿದ ದಲಿತ ಹಿರಿಯನಿಗೆ ಹತ್ತು ವರ್ಷದ ಗೌಡರ ಹುಡುಗ ‘ಏ ಬಾರೋ’ ಅನ್ನೋದನ್ನು ನೋಡಿದವರಿಗೆ ಸರ್ವನಾಮ ಬರೀ ವ್ಯಾಕರಣ ಅಂತ ಅನ್ನಿಸಲ್ಲ. ನಮ್ಮ ಪತ್ರಿಕೆಗಳನ್ನೇ ನೋಡಿ. ಸರ ಕದ್ದ ಆರೋಪಿ ‘ಆತ’, ಕೋಟಿಗಟ್ಟಲೆ ಗುಳುಂ ಮಾಡಿದ ಆರೋಪ ಹೊತ್ತ ಮಾಜಿ ಸಚಿವ ‘ಅವರು’. ಇಬ್ಬರ ಮೇಲೂ ಆರೋಪ ಸಾಬೀತಾಗಿಲ್ಲ, ಆದರೂ ಸರ್ವನಾಮ ಆಗಲೇ ತೀರ್ಪು ಕೊಟ್ಟಾಗಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಇಬ್ಬರೂ ‘ಹಿ’. ಹಾಗಂತ ಇಂಗ್ಲಿಷ್ ಹುಟ್ಟಿನಿಂದಲೇ ಸಮಾನತೆಯ ಭಾಷೆ ಅಂದುಕೊಳ್ಳಬೇಡಿ. ಅದರಲ್ಲೂ ‘ನೀನು’, ‘ನೀವು’ ಇದ್ದವು, ‘ದೌ’ ಮತ್ತು ‘ಯೂ’ ಅಂತ. 17ನೇ ಶತಮಾನದಲ್ಲಿ ಕ್ವೇಕರ್ ಪಂಥದವರು ದೊಡ್ಡವರು ಸಣ್ಣವರು ಅನ್ನದೆ ಎಲ್ಲರಿಗೂ ‘ದೌ’ ಅಂದು, ನ್ಯಾಯಾಧೀಶರ, ಜಮೀನ್ದಾರರ ಸಿಟ್ಟಿಗೆ ಗುರಿಯಾದರು. ಕೊನೆಗೆ ಇಂಗ್ಲಿಷಿನಲ್ಲಿ ಉಳಿದದ್ದು ‘ನೀವು’, ಹೋದದ್ದು ‘ನೀನು’. ಎಲ್ಲರೂ ಮೇಲಕ್ಕೆ ಬಂದರು.

ಆದರೆ ಇಂಗ್ಲಿಷಿನ ಹೊಲಸು ಬೇರೆ ಕಡೆ ಇದೆ, ಗಂಡು ಹೆಣ್ಣಿನಲ್ಲಿ. ‘ಹಿ’ ಅಂದರೆ ಹೆಣ್ಣೂ ಸೇರಿತು ಅನ್ನೋದು ಅದರ ಹಳೆಯ ನಿಯಮ. ನಮ್ಮ ಕಾನೂನೂ ಇದನ್ನೇ ನಂಬಿದೆ. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ ‘ಹಿ’ ಅನ್ನೋ ಸರ್ವನಾಮ ಗಂಡಿಗೂ ಹೆಣ್ಣಿಗೂ ಅನ್ವಯ ಅಂದಿತ್ತು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಕಲಂ ಕೂಡ ಅದನ್ನೇ ಹೇಳುತ್ತೆ. ಹಾಗಾಗಿಯೇ ಸಂವಿಧಾನದ 56ನೇ ವಿಧಿಯ ಇಂಗ್ಲಿಷ್ ಪಠ್ಯದಲ್ಲಿ ರಾಷ್ಟ್ರಪತಿ ರಾಜೀನಾಮೆ ಕೊಡೋದು ‘ಹಿಸ್ ಹ್ಯಾಂಡ್’ನಿಂದ. 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಬಂದರೂ ಆ ‘ಹಿಸ್’ ಹಾಗೇ ಇದೆ.

ಸೇರಿಸಿಕೊಂಡಿದ್ದೇವಲ್ಲ, ಇನ್ನೇನು ತಕರಾರು ಅನ್ನುವವರು ಎರಡು ಪ್ರಕರಣ ನೋಡಬೇಕು. ಬ್ರಿಟನ್ನಿನಲ್ಲಿ 1850ರ ಕಾಯ್ದೆಯೊಂದು ಪುಲ್ಲಿಂಗದ ಪದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ ಅಂತ ಹೇಳಿತ್ತು. ಅದನ್ನೇ ಹಿಡಿದು ಮ್ಯಾಂಚೆಸ್ಟರಿನ ಹೆಂಗಸರು ಮತ ಕೇಳಿದಾಗ, 1868ರಲ್ಲಿ ಕೋರ್ಟು ಇಲ್ಲಿ ಮಾತ್ರ ಸೇರಲ್ಲ ಅಂದಿತು. ನಮ್ಮಲ್ಲಿ 1916ರಲ್ಲಿ ರೆಜಿನಾ ಗುಹಾ ಕಾನೂನು ಪದವಿ ಪಡೆದು ವಕೀಲಿಕೆಗೆ ಅರ್ಜಿ ಹಾಕಿದರು. ಕಲ್ಕತ್ತಾ ಹೈಕೋರ್ಟು ಹೆಂಗಸರಿಗೆ ಅವಕಾಶವಿಲ್ಲ ಅಂತ ತಳ್ಳಿಹಾಕಿತು. ಆ ಬಾಗಿಲು ತೆಗೆಯೋಕೆ 1923ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯ್ತು. ಶಿಕ್ಷೆ ಕೊಡುವಾಗ ‘ಹಿ’ಯಲ್ಲಿ ಹೆಣ್ಣು ಆರಾಮಾಗಿ ಸೇರ್ತಿದ್ದಳು, ಹಕ್ಕು ಕೇಳುವಾಗ ಹೊರಗೆ ನಿಲ್ಲಬೇಕಿತ್ತು. ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 2(10)ನೇ ಕಲಂ ‘ಹಿ’ಗೆ ಗಂಡು, ಹೆಣ್ಣಿನ ಜೊತೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಿದೆ. ಮನೆಗೆ ಇನ್ನೊಬ್ಬರನ್ನು ಕರೆದರು, ಬಾಗಿಲ ಮೇಲಿನ ಹೆಸರು ಮಾತ್ರ ಗಂಡಸಿನದೇ.

ಹಾಗಾದರೆ ನಾವು ಏನು ಬರೆಯಬೇಕು? ‘ಎವ್ರಿ ವರ್ಕರ್ ಶುಡ್ ಗೆಟ್ ಹಿಸ್ ವೇಜಸ್’ ಅಂದರೆ ಕಸ ಗುಡಿಸುವ, ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ನಮ್ಮ ಓಣಿಯ ಹೆಂಗಸರು ಕಾಣೆಯಾಗ್ತಾರೆ. ‘ಹಿಸ್ ಆರ್ ಹರ್’ ಅಂತ ಪ್ರತಿ ಸಾಲಿಗೂ ಬರೆದರೆ ಓದುವವರ ಬಾಯಿ ಒಣಗುತ್ತೆ. ಸುಲಭದ ದಾರಿ ಬಹುವಚನ: ‘ಆಲ್ ವರ್ಕರ್ಸ್ ಶುಡ್ ಗೆಟ್ ದೇರ್ ವೇಜಸ್.’ ಒಬ್ಬರೇ ಆಗಿದ್ದು, ಯಾರು ಅಂತ ಗೊತ್ತಿಲ್ಲದಿದ್ದರೆ, ‘ಇಫ್ ಎ ವರ್ಕರ್ ಈಸ್ ಇಂಜರ್ಡ್, ದೇ ಮಸ್ಟ್ ಬಿ ಪೇಯ್ಡ್’ ಅನ್ನಬಹುದು.

ಹೌದು, ಅದೇ ‘ದೇ’. ಒಬ್ಬರಿಗೆ ‘ದೇ’ ಅನ್ನೋದು ಇತ್ತೀಚಿನ ಫ್ಯಾಷನ್ ಅನ್ನುವವರಿದ್ದಾರೆ. ಇಂಗ್ಲಿಷಿನಲ್ಲಿ ಇದರ ಬಳಕೆ 14ನೇ ಶತಮಾನದಿಂದಲೂ ಇದೆ. 18ನೇ ಶತಮಾನದ ವ್ಯಾಕರಣಕಾರರು ಅದನ್ನು ಅಶುದ್ಧ ಅಂದು ‘ಹಿ’ಯನ್ನು ಕೂರಿಸಿದರು. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ‘ದೇ’ಯನ್ನೇ ವರ್ಷದ ಪದ ಅಂತ ಆರಿಸಿತು. ಅದೇ ವರ್ಷ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ತನ್ನ ಬರವಣಿಗೆಯ ಕೈಪಿಡಿಯಲ್ಲಿ ಒಪ್ಪಿಕೊಂಡಿತು. ಅವರಿಗೆ ಇದು ದೊಡ್ಡ ಚರ್ಚೆ. ‘ಅವರು’ ಅಂತ ಒಬ್ಬರಿಗೇ ಬಹುವಚನ ಬಳಸಿ ಬೆಳೆದ ನಮಗೆ ಇದರಲ್ಲಿ ಕಷ್ಟ ಏನಿದೆ? ಕ್ರಿಯಾಪದವೂ ನಮ್ಮ ಹಾಗೇ: ‘ಅವರು ಬರ್ತಾರೆ’ ಅನ್ನುವಂತೆ, ಒಬ್ಬರೇ ಆದರೂ ‘ದೇ ಆರ್’, ‘ದೇ ಈಸ್’ ಅಲ್ಲ. ಒಂದು ಎಚ್ಚರಿಕೆ: ‘ದೇ’ಯಲ್ಲಿ ಗೌರವ ಇಲ್ಲ. ನನ್ನ ಅಪ್ಪ ಇವತ್ತಿಗೂ ‘ಹಿ’ಯೇ, ಮೇಷ್ಟ್ರ ಕೆಂಪು ಗೀಟು ಇವತ್ತಿಗೂ ಸರಿಯೇ.

ನಮ್ಮೂರಿನಿಂದ ಸ್ವಲ್ಪವೇ ದೂರ ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಯ ಮುಂದೆ ಕಾಲಿಡೋಕೆ ಜಾಗ ಇರಲ್ಲ. ಚೌಡಿಕೆ ಹಿಡಿದ ಜೋಗತಿಯರನ್ನು ನೋಡುತ್ತಲೇ ನಾವೆಲ್ಲ ಬೆಳೆದವರು. ಇಲ್ಲೇ ಮುತ್ತು ಕಟ್ಟಿಸಿಕೊಂಡವರು ಮಂಜಮ್ಮ ಜೋಗತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಸೆರಗು ಹಿಡಿದು ದೃಷ್ಟಿ ನಿವಾಳಿಸಿದ ಆ ದೃಶ್ಯ ನಿಮ್ಮ ಫೋನಿಗೂ ಬಂದಿರುತ್ತೆ. ಇಂಗ್ಲಿಷಿನಲ್ಲಿ ಅವರ ಬಗ್ಗೆ ಬರೆಯುವಾಗ ‘ಶಿ’. ಟ್ರಾನ್ಸ್‌ಜೆಂಡರ್ ಅಂದ ತಕ್ಷಣ ಎಲ್ಲರಿಗೂ ‘ದೇ’ ಹಚ್ಚೋದೂ ಒಂದು ಸೋಮಾರಿತನ. ಕೆಲವರು ‘ದೇ’ ಅಂತಾರೆ, ಕೆಲವರು ‘ಶಿ’, ಕೆಲವರು ‘ಹಿ’. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಅಂದಿದೆ. ಬರೆಯುವವರು ಕೇಳಿ ಬರೆಯಬೇಕು, ಅಷ್ಟೇ. ಯಾವ ಕಾರಣಕ್ಕೂ ಬಳಸಬಾರದ್ದು ‘ಇಟ್’. ಕನ್ನಡದಲ್ಲಿ ಮಗುವಿಗೆ ‘ಅದು’ ಅಂದರೆ ಮುದ್ದು, ‘ಪಾಪ, ಅದಕ್ಕೇನ್ ಗೊತ್ತೈತಿ’ ಅಂತೀವಿ. ಅದೇ ‘ಅದು’ವನ್ನು ಜೋಗತಿಯರ ಬೆನ್ನ ಹಿಂದೆ ಎಸೆಯುವ ಹುಡುಗರನ್ನೂ ಹುಲಿಗಿ ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದೀನಿ. ಇಂಗ್ಲಿಷಿನ ‘ಇಟ್’ಗೆ ಮನುಷ್ಯರ ವಿಷಯದಲ್ಲಿ ಈ ಎರಡನೆಯ ದನಿಯೇ ಜಾಸ್ತಿ.

ಕಾಕಾನ ಎರಡನೇ ಪತ್ರವನ್ನು ಒಂದು ವಾರ ಕೂತು ಬರೆದೆ. ಸೂಪರ್‌ವೈಸರ್ ಇದ್ದಲ್ಲಿ ಸೂಪರ್‌ವೈಸರ್, ಕಾಕಾ ಇದ್ದಲ್ಲಿ ಅವರ ಪೂರ್ತಿ ಹೆಸರು. ಆಸ್ಪತ್ರೆಯಲ್ಲಿ ಆಡಿದ ಮಾತು ಉದ್ಧರಣ ಚಿಹ್ನೆಯೊಳಗೆ, ಕೇಳಿಸಿಕೊಂಡ ಇಬ್ಬರ ಹೆಸರಿನ ಸಮೇತ. ಮೊದಲ ಪತ್ರದ ಆ ವಾಕ್ಯದ ಅರ್ಥ ಇದು ಅಂತ ಪ್ರತ್ಯೇಕ ಪ್ಯಾರಾ. ಎರಡು ಪುಟದಲ್ಲಿ ಒಂದೂ ‘ಹಿ’ ಇರಲಿಲ್ಲ. ಕೊನೆಗೆ ಬಂದ ಹಣ ನಾವು ಕೇಳಿದ್ದಕ್ಕಿಂತ ಕಡಿಮೆ, ಆದರೆ ಬಂತು.

ಕಳಿಸುವ ಮೊದಲು ಕಾಕಾ ಅದನ್ನು ಕನ್ನಡದಲ್ಲಿ ಓದಿ ಹೇಳು ಅಂದರು. ಓದಿದೆ. ಎಲ್ಲ ಕೇಳಿ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

‘ಇಂಗ್ಲಿಷಿನ್ಯಾಗ ನನಗ ಏನಂದೀಯೋ ತಮ್ಮಾ, ಅಂವ ಅಂದೀಯೋ, ಅವ್ರು ಅಂದೀಯೋ?’

‘ಹಂಗೇನು ಇಲ್ಲ ಕಾಕಾ. ಅಲ್ಲಿ ಎಲ್ಲಾರಿಗೂ ಒಂದ.’

‘ಸೂಪರ್‌ವೈಸರ್‌ಗೂ?’

‘ಅಂವಗೂ ಅದ. ಅದಕ್ಕ ಮೊದಲನೇದ್ರಾಗ ಗೊಂದಲಾತು.’

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಗೊಂದಲಾದ್ರ ಆಗ್ಲಿ’ ಅಂದರು. ‘ಒಂದ್ ಕಡೆನಾರ ಹಾಕು.’